ನಾರ್ಮಂಡಿಯ ಮ್ಯೂಸಿಯಂಗಳಿಗೆ ಅಂಕ ಹಾಕಿದ ಚಳಿಗಾಲ

ಆ ಚಳಿಗಾಲದಲ್ಲಿ ನನ್ನ ಕೆಲಸವೆಂದರೆ, ನಾನು ಎಂದೂ ಕಾಲಿಡದ ಫ್ರಾನ್ಸಿನ ಒಂದು ಕಡಲತೀರದ ಮ್ಯೂಸಿಯಂಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕ ಹಾಕುವುದು. ಅಂಕ ಚಂದಕ್ಕೆ ಅಲ್ಲ, ಹಿಂಸೆಗೆ.

ಕಚೇರಿ ಅಮೆರಿಕದ ಪಶ್ಚಿಮ ಕರಾವಳಿಯ ಫ್ಯಾಕ್ಟೋರಿಯಾದಲ್ಲಿ, ಒಂದು ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಎಂಟು ಜನ ಇದ್ದೆವು. ಶಾಲಾ ಪ್ರವಾಸಗಳಿಗೆ ಕೈಪಿಡಿ ಮಾಡಿಕೊಡುತ್ತಿದ್ದೆವು. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಯ ದಂಡೆಗೆ ಮಿತ್ರಪಡೆಗಳು ಇಳಿದು 2014ರ ಜೂನ್‌ಗೆ ಎಪ್ಪತ್ತು ವರ್ಷ ತುಂಬಲಿತ್ತು. ಹತ್ತಿರದ ಊರು ಟಕ್ವಿಲಾದ ಒಂದು ಪ್ರವಾಸ ಕಂಪನಿ ಆ ಬೇಸಿಗೆಯಲ್ಲಿ ಹನ್ನೆರಡು, ಹದಿಮೂರು ವಯಸ್ಸಿನ ನಲವತ್ತೆರಡು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ಒಪ್ಪಿಕೊಂಡಿತ್ತು. ನೋಡಬೇಕಾದ ಮ್ಯೂಸಿಯಂಗಳ ಪಟ್ಟಿ ನಮ್ಮದು. ಕರಾರು ಸರಳವಾಗಿತ್ತು: ಮೂರು ಅಥವಾ ಅದಕ್ಕಿಂತ ಹೆಚ್ಚು ಅಂಕ ಬಿದ್ದ ಕೋಣೆಗೆ ಮಕ್ಕಳು ಹೋಗುವಂತಿಲ್ಲ.

ಅಂಕ ಹಾಕುವ ನಿಯಮಗಳನ್ನು ಬರೆದವಳು ನಾನೇ. ಒಂಬತ್ತು ಪುಟ. ಪ್ರತಿ ಕೋಣೆಯ ಚಿತ್ರ, ವಿಡಿಯೊ, ಧ್ವನಿಯನ್ನು ಇಬ್ಬರು ಬೇರೆಬೇರೆಯಾಗಿ ನೋಡಬೇಕು. ಶವ ಕಾಣುತ್ತದೆಯೇ, ರಕ್ತ ಕಾಣುತ್ತದೆಯೇ, ಆಯುಧ ನೋಡುಗನತ್ತ ತಿರುಗಿದೆಯೇ, ಕತ್ತಲೆ ಎಷ್ಟು, ಸದ್ದು ಎಷ್ಟು. ಇಬ್ಬರ ಅಂಕದಲ್ಲಿ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಲಿಖಿತ ಕಾರಣ ಕೊಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ನಾಲ್ಕನೇ ನಿಯಮ: ಎರಡನೆಯವರಿಗೆ ಮುಂದೆ ಏನು ಬರುತ್ತದೆಂದು ಹೇಳಕೂಡದು. ಗೊತ್ತಿದ್ದರೆ ಮನಸ್ಸು ಮೊದಲೇ ಗಟ್ಟಿಯಾಗಿಬಿಡುತ್ತದೆ, ಅಂಕ ಕಡಿಮೆ ಬೀಳುತ್ತದೆ. ಆ ನಿಯಮದ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಎರಡನೇ ಅಂಕ ಹಾಕುತ್ತಿದ್ದವಳು ಬೆಳಗಾವಿ ಕಡೆಯ ಸಹೋದ್ಯೋಗಿ. ಗಂಡ ಮುಕಿಲ್ಟಿಯೊದ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರ್. ಅವಳು ದಿನಾ ಅಲ್ಲಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ನಾನು ಹೆಚ್ಚು ಮಾತಿನವಳಲ್ಲ. ಅವಳು ನನ್ನ ಪಾಲಿನದನ್ನೂ ಸೇರಿಸಿ ಮಾತಾಡುತ್ತಿದ್ದಳು.

ಮೊದಲ ವಾರ ಹಳೆಯ ಕಸೂತಿಯ ಮ್ಯೂಸಿಯಂ. ಸುಮಾರು ಎಪ್ಪತ್ತು ಮೀಟರ್ ಉದ್ದದ ಬಟ್ಟೆ. ಸಾವಿರ ವರ್ಷದ ಹಿಂದೆ ನಾರ್ಮಂಡಿಯ ದೊರೆ ಇಂಗ್ಲೆಂಡಿಗೆ ನುಗ್ಗಿ ಗೆದ್ದ ಕಥೆ ಅದರ ಮೇಲಿದೆ. ನಡುವಿನ ಪಟ್ಟಿಯಲ್ಲಿ ಕುದುರೆಗಳು ತಲೆಕೆಳಗಾಗಿ ಬೀಳುತ್ತವೆ. ಕೆಳಗಿನ ಅಂಚನ್ನು ಪ್ರವಾಸಿಗರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅಲ್ಲಿ ರುಂಡವಿಲ್ಲದ ಮುಂಡಗಳಿವೆ. ಸತ್ತವನ ಕವಚವನ್ನು ಅಂಗಿ ಬಿಚ್ಚುವಂತೆ ತಲೆಯ ಮೇಲಿಂದ ಎಳೆಯುತ್ತಿರುವವರಿದ್ದಾರೆ. ಒಳಗಿನ ಹೆಣ ಬರಿಮೈ. ನಾನು ಎರಡು ಹಾಕಿದೆ, ಉಣ್ಣೆಯ ದಾರ ರಕ್ತದಂತೆ ಕಾಣುವುದಿಲ್ಲ ಎಂಬ ಕಾರಣಕ್ಕೆ. ಅವಳೂ ಎರಡು ಹಾಕಿದಳು.

"ಹೆಣದ ಮ್ಯಾಲಿನ ಅರಿವೀನೂ ಬಿಡಂಗಿಲ್ಲಲ್ಲವಾ ಇವರು," ಅಂದಳು. "ಇದನ್ನ ಯಾರೋ ಹೆಣ್ಣಮಕ್ಕಳು ಕುಂತು ಹೊಲದಿರಬೇಕು. ಅವರಿಗೆ ಯಾರು ಅಂಕಾ ಹಾಕಿದ್ರಂತ?"

ಆಮೇಲೆ ಯುದ್ಧದ ಮ್ಯೂಸಿಯಂಗಳು ಶುರುವಾದವು. ದಂಡೆಯ ಉದ್ದಕ್ಕೂ ಪ್ರತಿ ಎರಡನೇ ಊರಿಗೊಂದು. ದಿನಕ್ಕೆ ಇನ್ನೂರು ಚಿತ್ರ. ನೀರಿನಲ್ಲಿ ಮುಖ ಅಡಿಯಾಗಿ ತೇಲುತ್ತಿರುವವರು. ಮರಳಿನಲ್ಲಿ ಸಾಲಾಗಿ ಮಲಗಿಸಿ ಕಂಬಳಿ ಹೊದಿಸಿದವರು, ಕಂಬಳಿಯ ತುದಿಯಲ್ಲಿ ಬೂಟುಗಳು. ಒಂದು ಟ್ಯಾಂಕಿನ ಬಾಯಿಯಿಂದ ಅರ್ಧ ಹೊರಬಂದು ಹಾಗೆಯೇ ಸುಟ್ಟು ಕಪ್ಪಾದ ಒಬ್ಬ. ನಾಲ್ಕು. ಮೂರು. ಐದು. ಮಧ್ಯಾಹ್ನದ ಊಟವನ್ನು ಪರದೆ ಆರಿಸಿ ಮಾಡುತ್ತಿದ್ದೆವು. ಮೂರನೇ ವಾರದಿಂದ ಆರಿಸದೆಯೂ ಮಾಡತೊಡಗಿದೆವು.

ಫೆಬ್ರುವರಿಯಲ್ಲಿ ಅವಳ ತಂದೆ ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಅರವತ್ತಮೂರು ವರ್ಷ, ನೇರ ಬೆನ್ನು, ಕತ್ತರಿಸಿದ ಬಿಳಿ ಮೀಸೆ. ಮನೆಯಲ್ಲಿ ಒಬ್ಬರೇ ಕೂರಲಾರೆ ಎಂದು ವಾರಕ್ಕೆರಡು ದಿನ ಮಗಳ ಜೊತೆ ಕಚೇರಿಗೆ ಬರುತ್ತಿದ್ದರು. ಬಂದವರು ಮೂಲೆಯ ಕುರ್ಚಿಯಲ್ಲಿ ಕುಳಿತು, ಮೊದಲ ದಿನವೇ ನಮ್ಮ ಬೆಂಗಳೂರಿನ ಮ್ಯಾನೇಜರನ್ನು ಗೆದ್ದುಬಿಟ್ಟರು.

"ಅಂಕಲ್, ಕಾಫಿ ಕುಡೀತೀರಾ? ಇಲ್ಲಿ ಮೆಷಿನ್ ಕಾಫಿ ಸ್ವಲ್ಪ ಕಹಿ ಇರುತ್ತೆ," ಅಂದರು ಮ್ಯಾನೇಜರ್.

"ಫೌಜಿನಾಗ ಬಾಲ್ದಿಯೊಳಗ ಚಹಾ ಕುದಿಸಿ ಮಗ್ಗಿಲೆ ಹೊಯ್ತಿದ್ರು ಸಾಹೇಬ್ರ. ಇದರಾಗ ಸೀಮೆಎಣ್ಣಿ ವಾಸನಿ ಇಲ್ಲ ಹೌದಲ್ಲೋ? ಹಂಗಾರ ಕೊಡ್ರಿ."

ಒಂದು ದಿನ ಅವರು ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ನಾನು ಬೇಡವೆನ್ನಲಿಲ್ಲ. ಸೈನಿಕರ ಮೇಣದ ಬೊಂಬೆಗಳನ್ನು ನೋಡಿ ನಕ್ಕರು: "ಬಂದೂಕಿನ ಕುದರಿ ಮ್ಯಾಲ ಬೆರಳಿಟ್ಟು ಓಡಾಕತ್ಯಾನಲ್ಲ, ಮುಂದಿನವನ ಬೆನ್ನ ಹಾರಸ್ತಾನ ಇಂವ." ಮುಂದಿನ ಚಿತ್ರ ಒಂದು ಗಾಜಿನ ಪೆಟ್ಟಿಗೆ. ಒಳಗೆ ಊಟದ ಡಬ್ಬಿ, ನೀರಿನ ಕ್ಯಾನ್, ಒಂದು ಗಿಡ್ಡ ಸಲಿಕೆ. ನಾನು ಆಗಲೇ ಸೊನ್ನೆ ಹಾಕಿ ಮುಂದೆ ಹೋಗುವುದರಲ್ಲಿದ್ದೆ.

"ತಡಿ ತಂಗಿ," ಅಂದರು. "ಆ ಸಲಿಕಿ ದೊಡ್ಡದು ಮಾಡು."

ಮಾಡಿದೆ.

"ಎಡಗಡೆ ಅಂಚು ನೋಡು. ಸಾಣಿ ಹಿಡದಾರ. ಮಣ್ಣ ಅಗ್ಯಾಕ ಒಂದ ಬಾಜು ಯಾರರ ಸಾಣಿ ಹಿಡೀತಾರೇನ?"

ಅಂಚು ನಿಜವಾಗಿಯೂ ಹೊಳೆಯುತ್ತಿತ್ತು. ಇಷ್ಟು ಹೊತ್ತು ಅದು ಬೆಳಕಿನ ಪ್ರತಿಫಲನ ಎಂದುಕೊಂಡಿದ್ದೆ.

"ಖಂದಕದಾಗ ಬಂದೂಕ ತಿರುಗಸಾಕ ಜಾಗಾ ಇರೂದಿಲ್ಲ," ಅಂದರು. ತಮ್ಮ ಕಿವಿಯ ಕೆಳಗೆ, ಕುತ್ತಿಗೆ ಹೆಗಲಿಗೆ ಸೇರುವ ಕಡೆ ಒಂದು ಬೆರಳಿಟ್ಟರು. "ಇಲ್ಲಿ ಹೊಡೀತಾರ. ತೆಗಿಯೂದು ತ್ರಾಸು. ಕಾಲಿಟ್ಟು ಎಳೀಬೇಕು."

ಮಗಳು ಪಕ್ಕದ ಮೇಜಿನಿಂದ, "ಅಪ್ಪಾ, ಸಾಕ್ ಮಾಡು. ಅಕಿ ಊಟಾ ಮಾಡೂದೈತಿ," ಅಂದಳು.

ಆ ಸಂಜೆ ನಾನು ಅಂದಿನ ಇನ್ನೂರು ಚಿತ್ರಗಳನ್ನು ಮತ್ತೆ ತೆರೆದೆ. ರಕ್ತ ಇಲ್ಲದ ಕಡೆಗೆಲ್ಲ ಸೊನ್ನೆ, ಒಂದು ಹಾಕಿದ್ದೆ. ನನ್ನ ಒಂಬತ್ತು ಪುಟ ಕಣ್ಣಿಗೆ ಕಾಣುವುದನ್ನು ಮಾತ್ರ ಅಳೆಯುತ್ತಿತ್ತು. ಇದು ಹೊಳೆದ ಮೇಲಾದರೂ ನಿಲ್ಲಬೇಕಿತ್ತು. ನಿಲ್ಲದೆ, ಹತ್ತನೇ ಪುಟ ಸೇರಿಸಿದೆ.

ಆಗ ಬಂದದ್ದು ಆ ಕೋಣೆ. ದಂಡೆಯ ಒಂದು ಖಾಸಗಿ ಮ್ಯೂಸಿಯಂನಲ್ಲಿ ಬಂಕರಿನ ಒಳಗನ್ನು ಮರುಕಟ್ಟಿದ್ದರು. ಎಂಟು ನಿಮಿಷದ ಪ್ರದರ್ಶನ. ಬೆಳಕು ಪೂರ್ತಿ ಆರುತ್ತದೆ, ನೆಲದಡಿಯ ಯಂತ್ರಗಳು ನೆಲವನ್ನೇ ನಡುಗಿಸುತ್ತವೆ. ಹೊರಗೆ ದಾಳಿ, ಒಳಗೆ ನೀವು. ಪ್ರವಾಸ ಕಂಪನಿಗೆ ಇದು ಪಟ್ಟಿಯ ಕಿರೀಟವಾಗಿತ್ತು. ಕೋಣೆಯಲ್ಲಿ ಚಿತ್ರವಿಲ್ಲ, ಬೊಂಬೆಯಿಲ್ಲ, ಒಂದು ಹನಿ ಕೆಂಪು ಬಣ್ಣವಿಲ್ಲ. ಅವರು ಕಳಿಸಿದ ಧ್ವನಿಯನ್ನು ನನ್ನ ಮೇಜಿನ ಮೇಲೆ, ಹಗಲು ಬೆಳಕಿನಲ್ಲಿ, ಇಯರ್‌ಫೋನ್ ಹಾಕಿಕೊಂಡು ಕೇಳಿ ಎರಡು ಹಾಕಿದೆ. ಆ ಎರಡು ನನ್ನದು. ಅದಕ್ಕೆ ಬೇರೆ ಯಾರೂ ಹೊಣೆಯಲ್ಲ.

ಎರಡನೇ ಅಂಕಕ್ಕೆ ತೊಡಕಾಯಿತು. ಪ್ರವಾಸ ಕಂಪನಿಯವರು ಪೋಷಕರಿಗೆ ತೋರಿಸಲೆಂದು ಟಕ್ವಿಲಾದ ತಮ್ಮ ಗೋದಾಮಿನಲ್ಲಿ ಅದೇ ಕೋಣೆಯ ಸಣ್ಣ ಮಾದರಿಯನ್ನು ಪ್ಲೈವುಡ್‌ನಲ್ಲಿ ಕಟ್ಟಿಸಿದ್ದರು. ಅದರ ಸದ್ದು, ಬೆಳಕನ್ನು ಹೊಂದಿಸಿಕೊಟ್ಟವಳು ನನ್ನ ಸಹೋದ್ಯೋಗಿಯೇ. ಅವಳಿಗೆ ಏನು ಬರುತ್ತದೆಂದು ಕ್ಷಣಕ್ಷಣವೂ ಗೊತ್ತಿತ್ತು. ನಾಲ್ಕನೇ ನಿಯಮದ ಪ್ರಕಾರ ಅವಳು ಅನರ್ಹಳು. ಕಚೇರಿಯ ಉಳಿದವರು ಆ ಕೋಣೆಯ ಫೈಲುಗಳನ್ನು ಆಗಲೇ ನೋಡಿಬಿಟ್ಟಿದ್ದರು.

"ಸುಬೇದಾರ್ ಅಂಕಲ್ ಇದಾರಲ್ಲ ಮೇಡಂ," ಅಂದರು ಮ್ಯಾನೇಜರ್. "ನಿಜವಾದ ಯುದ್ಧ ನೋಡಿದೋರು. ಅವರಿಗಿಂತ ಸ್ಟೆಡಿ ಮನುಷ್ಯ ಎಲ್ಲಿ ಸಿಗ್ತಾರೆ ನಿಮಗೆ?"

ಸುಬೇದಾರರು ಕೇಳಿದ ತಕ್ಷಣ ಒಪ್ಪಿದರು. "ಏನೈತಿ ಒಳಗ?" ಎಂದು ಮಾತ್ರ ಕೇಳಿದರು.

"ಹೇಳೋ ಹಾಗಿಲ್ಲ, ನಿಯಮ," ಅಂದೆ.

"ಆತು. ಆರ್ಡರ್ ಅಂದ್ರ ಆರ್ಡರ್," ಎಂದು ನಕ್ಕರು.

ಶನಿವಾರ ಮಧ್ಯಾಹ್ನ ಗೋದಾಮಿಗೆ ಹೋದೆವು. ಮಾದರಿ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ನಡುವೆ ಒಂದು ಕುರ್ಚಿ. ಸುಬೇದಾರರು ಕುಳಿತರು. ನಾನು ಮೂಲೆಯಲ್ಲಿ ನಿಂತೆ. ಪ್ರತಿ ಅರ್ಧ ನಿಮಿಷಕ್ಕೆ ಅವರ ಪ್ರತಿಕ್ರಿಯೆ ಬರೆಯುವುದು ನನ್ನ ಪಾಲು, ಕೈಯಲ್ಲಿ ಕೆಂಪು ಬೆಳಕಿನ ಸಣ್ಣ ಟಾರ್ಚ್. ಸಹೋದ್ಯೋಗಿ ಹೊರಗೆ ಕಂಟ್ರೋಲ್ ಹತ್ತಿರ. ಬಾಗಿಲು ಮುಚ್ಚಿತು, ಬೆಳಕು ಆರಿತು.

ಮೊದಲು ಸಮುದ್ರ. ಆಮೇಲೆ ಯಾರೋ ಜರ್ಮನ್ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಾರೆ, ಒಬ್ಬ ಕೆಮ್ಮುತ್ತಾನೆ. ವಿಮಾನ. ಹಡಗಿನ ಫಿರಂಗಿ ಸಿಡಿದಾಗ ನೆಲ ಒಂದೇ ಸಲ ಅಂಗಾಲನ್ನು ಒದ್ದಂತಾಯಿತು. ನನ್ನ ಹಲ್ಲು ಹಲ್ಲಿಗೆ ಬಡಿಯಿತು. ಮೇಜಿನ ಬಳಿ ಕೂತು ನಾನು ಕೇಳಿದ್ದು ಇದನ್ನಲ್ಲ. ಟಾರ್ಚ್ ಬೆಳಕಿನಲ್ಲಿ ಸುಬೇದಾರರನ್ನು ನೋಡಿದೆ. ಅಂಗೈಗಳು ಮೊಣಕಾಲ ಮೇಲೆ, ಮುಖ ಮುಂದಕ್ಕೆ. "ಶಾಂತ" ಎಂದು ಬರೆದೆ. ಮುಂದಿನ ಅರ್ಧ ನಿಮಿಷಕ್ಕೂ "ಶಾಂತ". ಐದನೇ ನಿಮಿಷದವರೆಗೂ ಹಾಗೆಯೇ ಬರೆದಿದ್ದೇನೆ. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ.

ಆರನೇ ನಿಮಿಷದಲ್ಲಿ ಸದ್ದೆಲ್ಲ ನಿಲ್ಲುತ್ತದೆ. ಆಮೇಲೆ ಒಂದು ಚಿಕ್ಕ ಶಬ್ದ: ಕಾಂಕ್ರೀಟಿನ ಮೇಲೆ ಲೋಹ ಬಿದ್ದು ಎರಡು ಸಲ ಪುಟಿದು ಉರುಳುವ ಶಬ್ದ. ಬಂಕರಿನೊಳಕ್ಕೆ ಎಸೆದ ಗ್ರೆನೇಡ್. ಇಯರ್‌ಫೋನಿನಲ್ಲಿ ಅದು ಚಮಚ ಬಿದ್ದಷ್ಟೇ ಕೇಳಿಸಿತ್ತು.

ಕುರ್ಚಿ ಬಿದ್ದದ್ದು ನನಗೆ ಕೇಳಿಸಲಿಲ್ಲ. ಏನೋ ಭಾರವಾದದ್ದು ನನ್ನನ್ನು ಎದೆಯ ಎತ್ತರದಲ್ಲಿ ಹೊಡೆಯಿತು. ಗೋಡೆಗೆ ಬಡಿದು ಕೆಳಗೆ ಬಿದ್ದೆ. ಬಲ ಹೆಗಲ ಹತ್ತಿರ ಹಸಿ ಕಡ್ಡಿ ಮುರಿದಂತೆ ಲಟಕ್ ಅಂದಿತು. "ಲೇಟ್! ಲೇಟ್ ಜಾ!" ಎಂದು ಕಿವಿಯೊಳಗೇ ಹಿಂದಿಯಲ್ಲಿ ಕೂಗು, ಮಲಗು ಎಂಬ ಆಜ್ಞೆ. ಸ್ಫೋಟದ ಸದ್ದಿಗೆ ನೆಲ ಎದ್ದು ಕುಣಿಯಿತು. ನಾನು ಕಿರುಚಿದೆ. ತಕ್ಷಣ ಒಂದು ಅಂಗೈ ಬಾಯಿ, ಮೂಗು ಎರಡನ್ನೂ ಮುಚ್ಚಿ ತಲೆಯನ್ನು ಪ್ಲೈವುಡ್‌ಗೆ ಒತ್ತಿತು. ಮೊಳಕಾಲು ಎದೆಯ ಮೇಲಿತ್ತು. ತುಟಿ ನನ್ನ ಹಲ್ಲಿಗೇ ಸಿಕ್ಕಿ ಹರಿದು, ರಕ್ತ ಗಂಟಲಿಗೆ ಇಳಿಯಿತು. ನುಂಗಲೂ ಆಗುತ್ತಿಲ್ಲ, ಉಸಿರೂ ಇಲ್ಲ. ಎಡಗೈಯಿಂದ ಅವರ ಮಣಿಕಟ್ಟನ್ನು ಪರಚಿದೆ. ಅವರ ಉಸಿರು ಮಾತ್ರ ನನ್ನ ಹಣೆಯ ಮೇಲೆ ಹದವಾಗಿ, ಅಳೆದಂತೆ ಬರುತ್ತಿತ್ತು.

ಬಾಗಿಲು ತೆರೆದು ಬೆಳಕು ಬಂತು. ಮಗಳು ಅವರ ಕತ್ತಿನ ಪಟ್ಟಿ ಹಿಡಿದು ಎಳೆದಳು. ಅವರು ತಿರುಗಿ ನೋಡದೆಯೇ ಮೊಳಕೈಯಿಂದ ಹೊಡೆದರು. ಅವಳು ಮೂಗು ಹಿಡಿದುಕೊಂಡು ಕುಸಿದಳು. "ಅಪ್ಪಾ! ನಾ ಅಪ್ಪಾ!" ಆ ದನಿಗೆ ಅವರ ಕೈ ಸಡಿಲವಾಯಿತು. ಎದ್ದು ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತರು, ಕೈಗಳು ತೊಡೆಯ ಪಕ್ಕಕ್ಕೆ. ಅವರ ಮಣಿಕಟ್ಟಿನಿಂದ ನನ್ನ ಉಗುರಿನ ಗಾಯದ ರಕ್ತ ಬೆರಳ ತುದಿಗೆ ಇಳಿದು ತೊಟ್ಟಿಕ್ಕುತ್ತಿತ್ತು. ಧ್ವನಿ ಇನ್ನೂ ಓಡುತ್ತಲೇ ಇತ್ತು. ಕಡೆಯಲ್ಲಿ ಪಿಯಾನೊ ಬರುತ್ತದೆ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸಹೋದ್ಯೋಗಿ ಒಂದು ಕೈಯಲ್ಲಿ ಮೂಗಿಗೆ ಬಟ್ಟೆ ಒತ್ತಿಕೊಂಡು, ಇನ್ನೊಂದರಲ್ಲಿ ಸ್ಟಿಯರಿಂಗ್ ಹಿಡಿದಿದ್ದಳು. ತಂದೆಯನ್ನು ಗೋದಾಮಿನಿಂದ ಅವಳ ಗಂಡ ಕರೆದೊಯ್ದಿದ್ದ.

"ಬಿದ್ದೆ ಅಂತ ಹೇಳವಾ," ಅಂದಳು. "ಕೈ ಮುಗೀತೀನಿ. ಅವರು ವಿಸಿಟರ್ ವೀಸಾದ ಮ್ಯಾಲ ಅದಾರ. ಪೊಲೀಸರು ಬಂದ್ರ ಈ ವಯಸ್ನಾಗ ಕೈಗೆ ಬೇಡಿ ಹಾಕಿ ಒಯ್ತಾರ. ನಮ್ಮಪ್ಪ ಆಮ್ಯಾಲ ಬದಕಂಗಿಲ್ಲ."

ಆಸ್ಪತ್ರೆಯಲ್ಲಿ ನರ್ಸ್ ಅವಳನ್ನು ಹೊರಗೆ ಕಳಿಸಿ ಪರದೆ ಎಳೆದಳು. ಯಾರಾದರೂ ಹೀಗೆ ಮಾಡಿದರಾ ಎಂದು ಕೇಳಿದಳು. ವೇದಿಕೆಯಿಂದ ಬಿದ್ದೆ ಅಂದೆ. ಅವಳು ನನ್ನ ಕೆನ್ನೆಯ ಎರಡೂ ಕಡೆ ಮೂಡಿದ್ದ ಗುರುತುಗಳನ್ನು ನೋಡಿದಳು.

"ಆ ವೇದಿಕೆಗೆ ಬೆರಳಿದ್ವಾ?" ಅಂದಳು.

ಅವಳು ಏನನ್ನೋ ಬರೆದುಕೊಂಡು ಹೋದಳು. ಕಾಲರ್ ಮೂಳೆ ಎರಡು ತುಂಡಾಗಿತ್ತು. ತುಟಿಗೆ ನಾಲ್ಕು ಹೊಲಿಗೆ. ಬಲಗೈಯನ್ನು ಜೋಳಿಗೆಯಲ್ಲಿ ಕಟ್ಟಿ ಮನೆಗೆ ಕಳಿಸಿದರು. ಸುಳ್ಳು ಹೇಳಿದ್ದಕ್ಕಿಂತ, ಎಷ್ಟು ಸಲೀಸಾಗಿ ಹೇಳಿದೆ ಎಂಬುದು ನನಗೆ ಹೆಚ್ಚು ಕಷ್ಟವಾಯಿತು.

ಸೋಮವಾರ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಅವರು ಕೆಟ್ಟವರಲ್ಲ, ಹಿಂದಿನ ದಿನ ಹೆಂಡತಿಯ ಕೈಲಿ ಸಾರು ಮಾಡಿಸಿ ಕಳಿಸಿದ್ದರು.

"ನೋಡಿ, ನಾನು ಒತ್ತಾಯ ಮಾಡ್ತಿಲ್ಲ. ಆದ್ರೆ ಬುಧವಾರ ಲಿಸ್ಟ್ ಹೋಗ್ಬೇಕು. ಆ ರೂಮ್ ಇಲ್ಲದೆ ಇದ್ರೆ ಅವರು ಪ್ರಾಜೆಕ್ಟೇ ಬೇಡ ಅಂತಾರೆ." ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟರು. ಎರಡನೇ ಮೌಲ್ಯಮಾಪಕರ ನಮೂನೆ. ಅಂಕ: ಎರಡು. ಕೆಳಗೆ ಸುಬೇದಾರರ ಸಹಿ, ಕನ್ನಡದಲ್ಲಿ, ಗುಂಡಗಿನ ಅಕ್ಷರ. "ಅಂಕಲ್ ಕೊಟ್ಟಿದಾರೆ. ನಿಮ್ಮದೂ ಎರಡು, ಅವರದೂ ಎರಡು. ನಿಮ್ಮ ರೂಲ್ ಪ್ರಕಾರಾನೇ ಮುಗೀತಲ್ಲ?"

ಮುಗಿದಿತ್ತು. ನನ್ನ ಹತ್ತು ಪುಟದಲ್ಲಿ ಎಲ್ಲಿಯೂ ತಪ್ಪು ಹುಡುಕುವಂತಿರಲಿಲ್ಲ. ಇಬ್ಬರು, ಬೇರೆಬೇರೆಯಾಗಿ, ಮುಂಚೆ ತಿಳಿಸದೆ, ಅಂತರ ಸೊನ್ನೆ. ನಾನು ಅದನ್ನು ಕಳಿಸಿದರೆ ನಲವತ್ತೆರಡು ಮಕ್ಕಳನ್ನು ಆ ಕತ್ತಲೆಯಲ್ಲಿ ಒತ್ತೊತ್ತಾಗಿ ಕೂರಿಸುತ್ತಾರೆ. ಟಕ್ವಿಲಾದ ಆ ಶಾಲೆಗಳಲ್ಲಿ, ಯುದ್ಧ ನಡೆಯುತ್ತಿದ್ದ ದೇಶಗಳಿಂದ ಓಡಿ ಬಂದ ಮನೆಗಳ ಮಕ್ಕಳೂ ಇದ್ದರು. ಪ್ರವಾಸದ ಹೆಸರುಗಳ ಪಟ್ಟಿ ನನ್ನ ಹತ್ತಿರವೇ ಇತ್ತು. ಅವರಲ್ಲಿ ಯಾರಿಗೆ ಯಾವ ಶಬ್ದ ಏನನ್ನು ತರುತ್ತದೆಂದು ಯಾರೂ ಕೇಳಿರಲಿಲ್ಲ. ಕಳಿಸದಿದ್ದರೆ ಕಾರಣ ಬರೆಯಬೇಕು. ನನ್ನ ಬಳಿ ಇದ್ದ ಕಾರಣ ಒಂದೇ, ಮತ್ತು ಅದು ಒಬ್ಬ ಮನುಷ್ಯನ ಮಾನ.

ಸಹೋದ್ಯೋಗಿ ಮೂಗಿನ ಮೇಲೆ ಪಟ್ಟಿ ಹಾಕಿಕೊಂಡು ಎದುರಿನ ಮೇಜಿನಲ್ಲಿ ಕೂತಿದ್ದಳು. "ನೀನೇ ಬರೆಸಿದ್ಯಾ ಇದನ್ನ?" ಎಂದು ಕೇಳಿದೆ.

"ಹೂಂ, ಬರಸೀನಿ," ಅಂದಳು. "ಎರಡು ರಾತ್ರಿ ಆತು, ಮನ್ಯಾಗ ಮಲಗವೊಲ್ರು. ಗ್ಯಾರೇಜಿನಾಗ ಚಾಪಿ ಹಾಸ್ಕೊಂಡಾರ. 'ಮೊಮ್ಮಗಳು ಇರೂ ಮನ್ಯಾಗ ನಾ ಕಣ್ಣ ಮುಚ್ಚಂಗಿಲ್ಲ' ಅಂತಾರ. ಅಕಿ ಹೋಗಿ ಬಾಗಲಾ ಬಡದು 'ಅಜ್ಜಾ, ಪ್ಲೀಸ್ ಕಮ್ ಇನ್' ಅಂದ್ರ ಒಳಗಿಂದ ಚಿಲಕಾ ಹಾಕ್ತಾರ. ಇನ್ನ ಮ್ಯಾಲ ನೀ ಅದನ್ನ ಇಂಗ್ಲಿಷಿನಾಗ ಬರದು ಊರಿಗೆಲ್ಲಾ ಕಳಸು. ಬರಿ. ನಿನ್ನ ನಿಯಮಾ ನಿನಗ ದೊಡ್ಡದು."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಸಿಟ್ಟೂ ಬರಲಿಲ್ಲ.

ಆ ಸಂಜೆ ಮತ್ತು ಮಂಗಳವಾರ ಬೆಳಗ್ಗೆ ಎಡಗೈಯಿಂದ ವರದಿ ಟೈಪ್ ಮಾಡಿದೆ. ಒಂದೂವರೆ ಪುಟ. ಯಾರ ಹೆಸರನ್ನೂ ಹಾಕಲಿಲ್ಲ. ಮೊದಲ ವಾಕ್ಯ ನನ್ನ ಮೇಲೆಯೇ: ಸ್ಫೋಟದ ಸದ್ದಿನ ಬಗ್ಗೆ ಎರಡನೇ ಮೌಲ್ಯಮಾಪಕರಿಗೆ ಮುಂಚೆ ತಿಳಿಸಬಾರದೆಂಬ ನಿಯಮವನ್ನು ರೂಪಿಸಿದವಳು ನಾನು, ಗಾಯಕ್ಕೆ ಆ ನಿಯಮ ಕಾರಣ. ಆಮೇಲೆ ನಡೆದದ್ದನ್ನು ನಡೆದ ಕ್ರಮದಲ್ಲಿ. ಕೊನೆಗೆ ನನ್ನ ಎರಡನ್ನು ಹಿಂತೆಗೆದುಕೊಂಡು ಐದು. ಹೆಸರಿಲ್ಲದಿದ್ದರೂ ಓದಿದವರಿಗೆ ಯಾರೆಂದು ತಿಳಿಯುತ್ತಿತ್ತು, ಅದನ್ನು ನನ್ನಿಂದ ಮರೆಮಾಚಿಕೊಳ್ಳಲಿಲ್ಲ. ಕಳಿಸುವ ಮುಂಚೆ ಒಂದು ತೀರ್ಮಾನ ಮಾಡಿದೆ: ಈ ಮನುಷ್ಯನಿಗೆ ಏನನ್ನೂ ಹೇಳದೆ ಒಮ್ಮೆ ಕೂರಿಸಿದ್ದಾಗಿದೆ. ಎರಡನೇ ಸಲ ಹಾಗೆ ಮಾಡುವುದಿಲ್ಲ. ಅವರು ಬೇಡವೆಂದರೂ ವರದಿ ಹೋಗುತ್ತದೆ; ಆದರೆ ಅವರ ಕಿವಿಗೆ ಬಿದ್ದ ಮೇಲೆಯೇ ಹೋಗುತ್ತದೆ.

ಎರಡು ಬಸ್ ಬದಲಾಯಿಸಿ ಮಧ್ಯಾಹ್ನ ಮುಕಿಲ್ಟಿಯೊ ತಲುಪಿದೆ. ಗ್ಯಾರೇಜಿನ ಬಾಗಿಲು ಮೊಣಕಾಲಷ್ಟು ಎತ್ತರಕ್ಕೆ ತೆರೆದಿತ್ತು. ಅಂದು ರಜೆ ಹಾಕಿದ್ದ ಸಹೋದ್ಯೋಗಿ ಅದನ್ನು ಪೂರ್ತಿ ಎತ್ತಿದಳು, ಒಳಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ನನಗೆ ನೀರನ್ನೂ ಕೇಳಲಿಲ್ಲ.

ಸುಬೇದಾರರು ಎದ್ದು ನಿಂತರು. ಮೂರು ದಿನದ ಗಡ್ಡ. ನನ್ನ ಕೈಜೋಳಿಗೆ ನೋಡಿದರು, ತುಟಿ ನೋಡಿದರು, ಆಮೇಲೆ ನೆಲ ನೋಡಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದರೊಳಗೊಂದು ಹಿಡಿದುಕೊಂಡರು. ನಾನಿದ್ದಷ್ಟು ಹೊತ್ತೂ ಅವು ಅಲ್ಲಿಂದ ಮುಂದೆ ಬರಲಿಲ್ಲ.

"ಇಂಗ್ಲಿಷ್‌ನಲ್ಲಿದೆ," ಅಂದೆ. "ಕನ್ನಡದಲ್ಲಿ ಓದಿ ಹೇಳ್ತೀನಿ. ಕೇಳಿಸ್ಕೋತೀರಾ?"

"ಓದು."

ಲ್ಯಾಪ್‌ಟಾಪನ್ನು ವಾಷಿಂಗ್ ಮೆಷಿನ್ ಮೇಲಿಟ್ಟು ಒಂದೊಂದೇ ವಾಕ್ಯ ಹೇಳುತ್ತ ಹೋದೆ. ಶಬ್ದ ಬಿದ್ದದ್ದು. ನಾನು ಗೋಡೆಗೆ ಬಡಿದದ್ದು. ಮೂಳೆ. ಅವರು ಅಲುಗಾಡದೆ ಕೇಳಿದರು. "ಬಾಯಿ, ಮೂಗನ್ನು ಸುಮಾರು ಹತ್ತು ಸೆಕೆಂಡು ಒತ್ತಿ ಹಿಡಿಯಲಾಯಿತು" ಎಂಬಲ್ಲಿಗೆ ಬಂದಾಗ ತಲೆಯೆತ್ತಿದರು.

"ಹತ್ತಲ್ಲ," ಅಂದರು. "ಇಪ್ಪತ್ತಾರು."

"ನಿಮಗೆ ಹೇಗೆ ಗೊತ್ತು?"

"ಎಣಸ್ತಿದ್ದೆ."

ಮೆಟ್ಟಿಲ ಮೇಲಿದ್ದ ಮಗಳು, "ಅಪ್ಪಾ," ಅಂದಳು. ಅವರು ಅವಳ ಕಡೆ ನೋಡಲಿಲ್ಲ.

"ಎಪ್ಪತ್ತೊಂದರಾಗ, ಪೂರ್ವದ ಗಡಿಮ್ಯಾಲ. ನಸುಕಿನಾಗ ಎರಡು ಬಂಕರ್ ಹಿಡಿಯೂದಿತ್ತು. ನಮ್ಮಾಂವ ಒಬ್ಬಾಂವ ತೆವಳಕೊಂತ ಹೋಗಿ ಮೊದಲನೇದರಾಗ ಗ್ರೆನೇಡ್ ಒಗದ. ಟಣ್ ಅಂತು. ಒಳಗಿದ್ದಾಂವ ಹುಷಾರಿದ್ದ, ಅದನ್ನ ಹಿಡದು ತಿರುಗಿ ಹೊರಗ ಒಗದ. ನಮ್ಮಾಂವನ ಹೊಟ್ಟಿ ಕೆಳಗ ಸಿಡೀತು. ಕರಳು ಮಣ್ಣಾಗ ಬಿದ್ದಾವು, ಅಂವ ಕೈಲೆ ಬಳದು ಒಳಗ ಹಾಕ್ಕೋಳಾಕತ್ತಿದ್ದ. ಒದರತಿದ್ದ. ನನ್ನ ಓರಿಗಿ ಹುಡುಗ, ಒಂದ ತಾಟಿನಾಗ ಉಂಡಾವರು. ಎರಡನೇ ಬಂಕರ್ ಇಪ್ಪತ್ತು ಹೆಜ್ಜಿ ಮ್ಯಾಲ. ಅಲ್ಲಿದ್ದ ಮಶಿನ್‌ಗನ್ ಅವನ ದನಿ ಹಿಡದು ನಮ್ಮ ಕಡೆ ಹುಡುಕ್ಕೊಂತ ಬರಾಕತ್ತಿತ್ತು. ಏಳು ಮಂದಿ ಬೋರಲ ಬಿದ್ದೀವಿ. ನಾ ಅವನ ಎದಿಮ್ಯಾಲ ಮೊಳಕಾಲ ಊರಿ ಬಾಯಿ ಮುಚ್ಚಿದೆ. ಮುಖಾ ನೋಡಬಾರದಂತ ಒಂದು, ಎರಡು ಅಂತ ಎಣಸಿದೆ. ನಲವತ್ತಕ್ಕ ಸುಮ್ಮನಾದ."

ಬೆನ್ನ ಹಿಂದೆ ಕೈ ಬಿಗಿದು ಹಿಡಿದೇ ಮುಂದುವರಿಸಿದರು.

"ಊರಾಗ ಅವರವ್ವಗ ಗುಂಡು ಬಿತ್ತು ಅಂತ ಹೇಳಿ ಬಂದೆ. ಅಕಿ ನನಗ ಹೊಟ್ಟಿತುಂಬ ಉಣಸಿ ಕಳಸಿದ್ಲು." ಆಮೇಲೆ ಮಗಳ ಕಡೆ ತಿರುಗಿದರು. "ಎರಡು ಅಂತ ಸಹಿ ಮಾಡಿದ್ದು ಸುಳ್ಳು. ನೀ ಅಳತಿದ್ದಿ ಅಂತ ಮಾಡಿದೆ. ಆ ಚೀಟಿ ಹರದು ಒಗಿ."

ನಾನು ಕೇಳಿದೆ, "ಇದನ್ನೂ ಬರೀಲಾ?"

"ಅವರಿಗೆ ಬ್ಯಾಡ. ಅವರಿಗೆ ಏನು ಗೊತ್ತಾಗಬೇಕು? ನಿನ್ನ ಮೈಮ್ಯಾಲ ಆದದ್ದಷ್ಟ ಬರಿ. ಮುಂದ ಎಂದರ ಕನ್ನಡದಾಗ ಬರದಿ ಅಂದ್ರ ಬರಿ."

ಪರದೆಯಲ್ಲಿ ಹತ್ತನ್ನು ಅಳಿಸಿ ಇಪ್ಪತ್ತಾರು ಹಾಕಿದೆ. "ಸುಮಾರು" ಎಂಬುದನ್ನೂ ತೆಗೆದೆ. ಅಲ್ಲಿಂದಲೇ ವರದಿಯನ್ನು ಮ್ಯಾನೇಜರ್‌ಗೂ ಪ್ರವಾಸ ಕಂಪನಿಗೂ ಕಳಿಸಿದೆ. ಮರುದಿನ ಆ ಕೋಣೆ ಮಕ್ಕಳ ಪಟ್ಟಿಯಿಂದ ಹೊರಹೋಯಿತು, ಟಕ್ವಿಲಾದ ಮಾದರಿಯನ್ನು ಬಿಚ್ಚಿಹಾಕಿದರು. ಪೊಲೀಸರು ಯಾರೂ ಬರಲಿಲ್ಲ. ಕಂಪನಿ ಮುಂದಿನ ಕೈಪಿಡಿಯನ್ನು ಬೇರೆಯವರಿಗೆ ಕೊಟ್ಟಿತು. ಮ್ಯಾನೇಜರ್ ನನಗೆ ಏನೂ ಅನ್ನಲಿಲ್ಲ, ಸಾರನ್ನೂ ಕಳಿಸಲಿಲ್ಲ. ಇವೆಲ್ಲ ಆಮೇಲೆ ಆದವು.

ಆ ಮಧ್ಯಾಹ್ನ, ನಾನು ಲ್ಯಾಪ್‌ಟಾಪ್ ಮುಚ್ಚಿದಾಗ ಸಹೋದ್ಯೋಗಿ ಇನ್ನೂ ಮೆಟ್ಟಿಲ ಮೇಲೆಯೇ ಇದ್ದಳು. ತಂದೆಯನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. ನಾನು ಒಂದೇ ಕೈಯಲ್ಲಿ ಕೋಟು ಹೆಗಲಿಗೆ ಏರಿಸಿಕೊಳ್ಳಲು ಒದ್ದಾಡಿದೆ. ಸುಬೇದಾರರು ನೆರವಿಗೆ ಬರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟರು. ನಾನು ಅವರನ್ನು ದಾಟಿ ಬೆಳಕಿಗೆ ಬಂದ ಮೇಲೆ ಹಿಂದಿನಿಂದ ಅವರ ದನಿ ಕೇಳಿತು.

"ಬಾಗಲಾ ತೆಗೀಲಿಲ್ಲಂದ್ರ ನಾ ನಿಲ್ಲಸ್ತಿದ್ದಿಲ್ಲ, ತಂಗಿ. ನಲವತ್ತಕ್ಕ ಇನ್ನ ಹದಿನಾಲ್ಕು ಉಳದಿದ್ದುವು."